ಕಾಲು ಮುಂದಾಗಿ ಹುಟ್ಟಿದವಳು

ನಳಿನಾಕ್ಷಿ ಹುಟ್ಟಿದ್ದು ಕಾಲು ಮುಂದಾಗಿ. ಹಾಗೆ ಹುಟ್ಟಿದವರ ಪಾದ ತಾಗಿದರೆ ಬೆನ್ನಿನ ಉಳುಕು ಬಿಡುತ್ತದೆ ಎಂಬುದು ಕಾಪುವಿನ ಕಡಲ ಬದಿಯಲ್ಲಿ ಯಾರೂ ಅನುಮಾನಿಸದ ಮಾತು. ಅವಳಿಗೆ ಐದು ವರ್ಷ ತುಂಬುವ ಮೊದಲೇ ಅಜ್ಜಿ ಅವಳ ಕಂಕುಳಿಗೆ ಕೈಕೊಟ್ಟು ಎತ್ತಿ, ಬಲೆ ಎಳೆದು ಸೊಂಟ ಹಿಡಿದುಕೊಂಡ ಗಂಡಸರ ಬೆನ್ನ ಮೇಲೆ ಅವಳ ಪುಟ್ಟ ಪಾದಗಳನ್ನು ಊರಿಸುತ್ತಿದ್ದಳು. ಈಗ ಅವಳಿಗೆ ನಲವತ್ತೆರಡು. ಗಂಡ ಧರ್ಮಪಾಲ ಮಲ್ಪೆಯಲ್ಲಿ ಬೋಟಿಗೆ ಹೋಗುತ್ತಿದ್ದ. ಅವಳು ದಿನಾ ಮೀನಿನ ಬುಟ್ಟಿ ಹೊತ್ತು ಕಟಪಾಡಿ ಪೇಟೆಗೆ ಹೋಗಿ ಮಾರಿ ಬರುತ್ತಿದ್ದಳು. ಬುಟ್ಟಿ ಹೊರುವ ಮೊದಲು, ಬೆಳಿಗ್ಗೆ ಬೆಳಿಗ್ಗೆ ಯಾರಾದರೂ ಅಂಗಳದಲ್ಲಿ ಬೆನ್ನು ಹಿಡಿದು ನಿಂತಿದ್ದರೆ, ಅವರನ್ನು ಹೊಸ್ತಿಲ ಮುಂದೆ ಕವುಚಿ ಮಲಗಿಸಿ ಎಡಗಾಲಿನಿಂದ ಮೂರು ಸಲ ಒತ್ತುವಳು. ಮೂರು ದಿನ ಹಾಗೆ. ಕೊನೆಗೆ ಬಗ್ಗಿ ಆ ಬೆನ್ನನ್ನು ಕೈಯಿಂದ ಮುಟ್ಟಿ ಕಣ್ಣಿಗೆ ಒತ್ತಿಕೊಳ್ಳುವಳು, ಕಾಲು ತಾಗಿಸಿದ್ದಕ್ಕೆ ತಪ್ಪಾಯಿತು ಎಂಬಂತೆ. ಹೆಚ್ಚಿನವರಿಗೆ ಗುಣವಾಗುತ್ತಿತ್ತು. ಆಗದವರು ಮತ್ತೆ ಬರುತ್ತಿರಲಿಲ್ಲ. ಅವರ ಬಗ್ಗೆ ಅವಳು ಯಾವತ್ತೂ ಯೋಚಿಸಿದವಳಲ್ಲ.

ಸಾವಿರದ ಒಂಬೈನೂರ ಎಂಬತ್ತೊಂದರ ಅಕ್ಟೋಬರ್. ಆಚೆ ಮನೆಯ ನಫೀಸಮ್ಮ ತನ್ನ ಸೊಸೆ ಆಸ್ಯಾಳನ್ನು ಕರೆದುಕೊಂಡು ಬಂದಳು. ಎರಡು ಮನೆಗಳ ನಡುವೆ ಇದ್ದದ್ದು ಒಂದು ದಾಸವಾಳದ ಬೇಲಿ ಮಾತ್ರ. ಆಸ್ಯಾಳ ಗಂಡ ಬದ್ರುದ್ದೀನ್ ಅಬುಧಾಬಿಯಲ್ಲಿದ್ದ. ಮೈದುನ ಕಬೀರ್ ಕಟಪಾಡಿಯಲ್ಲಿ ಚಪ್ಪಲಿ ಅಂಗಡಿ ಇಟ್ಟಿದ್ದ. ಆಸ್ಯಾಳಿಗೆ ಇಪ್ಪತ್ತಾರು ವರ್ಷ, ಏಳು ತಿಂಗಳ ಹೆಣ್ಣು ಮಗು. ಹೆರಿಗೆಯಾದ ಮೇಲೆ ಶುರುವಾದ ಬೆನ್ನುನೋವು ಬಿಟ್ಟಿರಲಿಲ್ಲ.

"ಬಾಣಂತನದಲ್ಲಿ ಸರಿಯಾಗಿ ಮಲಗಲಿಲ್ಲ ಇವಳು. ಎದ್ದು ಬೀಡಿ ಕಟ್ಟಲಿಕ್ಕೆ ಕೂತಳು. ಎಂತ ಹೇಳಿದರೂ ಕೇಳುವುದಿಲ್ಲ," ಎಂದಳು ನಫೀಸಮ್ಮ. "ನಿನ್ನ ಕಾಲು ಒಮ್ಮೆ ತಾಗಿಸು ನಳಿನಾ. ಡಾಕ್ಟರ ಇಂಜೆಕ್ಷನ್ ಎಲ್ಲ ಆಯಿತು, ಎಣ್ಣೆ ತಿಕ್ಕಿದ್ದೂ ಆಯಿತು."

ಆಸ್ಯಾ ಬಡಕಲಾಗಿದ್ದಳು. ರವಿಕೆಯ ತೋಳು ಜೋತುಬಿದ್ದಿತ್ತು. ಮಗು ಹಾಲು ಕುಡಿಯುವಾಗ ತಾಯಿ ಸೊರಗುವುದು ಇದ್ದದ್ದೇ ಎಂದುಕೊಂಡಳು ನಳಿನಾಕ್ಷಿ. ನೋವು ಎಲ್ಲಿ ಎಂದು ಕೇಳಿದ್ದಕ್ಕೆ ಆಸ್ಯಾ ಕೈ ಹಿಂದೆ ಮಾಡಿ ತೋರಿಸಿದ್ದು ಸೊಂಟವನ್ನಲ್ಲ. ಸೊಂಟದಿಂದ ಒಂದು ಗೇಣು ಮೇಲೆ, ಬೆನ್ನಿನ ನಟ್ಟನಡುವೆ.

"ಅಲ್ಲಿಂದ ಸುತ್ತ ಬಂದು ಎದೆಯ ಕೆಳಗೆ ಹಗ್ಗ ಬಿಗಿದ ಹಾಗೆ ಆಗ್ತದೆ ನಳಿನಕ್ಕಾ. ಮಲಗಿದರೂ ಬಿಡುವುದಿಲ್ಲ."

ಉಳುಕು ಹಿಡಿದವರು ಮಲಗಿದರೆ ಸುಖ ಎನ್ನುತ್ತಿದ್ದರು. ಇದು ಬೇರೆಯಾಗಿತ್ತು. ಅದು ಅವಳ ಮನಸ್ಸಿಗೆ ಬಂದು ಹೋಯಿತು, ನಿಲ್ಲಲಿಲ್ಲ.

ಮೊದಲ ದಿನ, ಎರಡನೆಯ ದಿನ ಮೆಲ್ಲಗೆ ಒತ್ತಿದಳು. ಮೂರನೆಯ ದಿನ ನಫೀಸಮ್ಮ ಬದಿಯಲ್ಲಿ ಕೂತು, "ಸ್ವಲ್ಪ ಗಟ್ಟಿ ಒತ್ತು, ಇಷ್ಟಕ್ಕೆಲ್ಲ ಹೋಗುವ ನೋವಲ್ಲ ಅದು," ಎಂದಳು. ನಳಿನಾಕ್ಷಿ ಹಿಮ್ಮಡಿಯ ಮೇಲೆ ಮೈಯ ಭಾರ ಬಿಟ್ಟಳು. ಆಗ ಪಾದದ ಅಡಿ ಏನೋ ಸಿಕ್ಕಿತು. ಬೆನ್ನುಮೂಳೆಯ ಸಾಲಿನಲ್ಲಿ ಒಂದು ಕಡೆ, ನೆಲ್ಲಿಕಾಯಿಯಷ್ಟು ಗಾತ್ರದ ಗಂಟು ಹೊರಗೆ ಉಬ್ಬಿಕೊಂಡಿತ್ತು. ಅದರ ಮೇಲೆ ಹಿಮ್ಮಡಿ ಊರಿದ ಕ್ಷಣದಲ್ಲಿ ಆಸ್ಯಾ ಹಸು ಕೂಗಿದ ಹಾಗೆ ಒಂದು ಸಲ ಕೂಗಿದಳು. ಟಕ್ ಎಂದು ಏನೋ ಕೇಳಿದಂತೆಯೂ ಆಯಿತು ನಳಿನಾಕ್ಷಿಗೆ. ಕೇಳಿದ್ದು ಕಿವಿಗೋ ಕಾಲಿಗೋ ಎಂದು ಹೇಳಲು ಅವಳಿಗೆ ಆಮೇಲೆಯೂ ಆಗಲಿಲ್ಲ.

ಅವಳು ಕಾಲು ಎತ್ತಿಕೊಂಡಳು. ಬೆನ್ನು ಮುಟ್ಟಿ ಕಣ್ಣಿಗೆ ಒತ್ತಿಕೊಳ್ಳುವುದೂ ಮರೆತುಹೋಯಿತು.

"ಬಿಟ್ಟಿತು ನೋಡು, ಬಿಟ್ಟಿತು," ಎಂದಳು ನಫೀಸಮ್ಮ ಸಂತೋಷದಿಂದ.

ಆಸ್ಯಾ ಎದ್ದು ಗೋಡೆ ಹಿಡಿದು ಮನೆಗೆ ಹೋದಳು. ನಳಿನಾಕ್ಷಿ ಬುಟ್ಟಿ ಹೊತ್ತು ಬಸ್ಸಿಗೆ ಹೋದಳು. ಅವತ್ತು ಕಟಪಾಡಿಯಲ್ಲಿ ಬಂಗುಡೆಯ ರೇಟು ಕೇಳಿದವರಿಗೆ ಭೂತಾಯಿಯ ರೇಟು ಹೇಳಿ ಬೈಸಿಕೊಂಡಳು. ಆ ಗಂಟು ಅವಳ ಹಿಮ್ಮಡಿಯನ್ನು ಬಿಟ್ಟು ಹೋಗಿರಲಿಲ್ಲ. ನೆಲಕ್ಕೆ ಎಷ್ಟು ತಿಕ್ಕಿದರೂ ಅಲ್ಲೇ ಇತ್ತು.

ಮಾರನೆ ದಿನ ಬೇಲಿಯ ಆಚೆ ಇಣುಕಲಿಲ್ಲ. ಅದರ ಮರುದಿನ ಸಂಜೆ ಬಾವಿಕಟ್ಟೆಯ ಹತ್ತಿರ ಆಸ್ಯಾಳನ್ನು ಕಂಡಳು. ಆಸ್ಯಾ ಕೊಡ ಇಲ್ಲದೆ ಬರಿಗೈಯಲ್ಲಿ ಬರುತ್ತಿದ್ದಳು. ಒಂದು ಕಾಲಿನಲ್ಲಿ ಚಪ್ಪಲಿ ಇತ್ತು, ಇನ್ನೊಂದರಲ್ಲಿ ಇರಲಿಲ್ಲ. ಹಿಂದೆ ಹತ್ತು ಮಾರು ದೂರದಲ್ಲಿ, ಮರಳಿನಲ್ಲಿ, ಆ ಚಪ್ಪಲಿ ಬಿದ್ದಿತ್ತು.

"ಆಸ್ಯಾ, ಚಪ್ಪಲಿ ಬಿದ್ದಿದೆಯಲ್ಲ ಮಾರಾಯ್ತಿ."

ಆಸ್ಯಾ ನಿಂತು ಕೆಳಗೆ ನೋಡಿದಳು. ತನ್ನ ಬರಿಗಾಲನ್ನು ಬೇರೆ ಯಾರದೋ ಕಾಲನ್ನು ನೋಡಿದ ಹಾಗೆ ನೋಡಿದಳು. "ಗೊತ್ತೇ ಆಗಲಿಲ್ಲ," ಎಂದು ನಕ್ಕಳು. ಆ ನಗು ನಿಜವಾದದ್ದಲ್ಲ ಎಂದು ನಳಿನಾಕ್ಷಿಗೆ ಗೊತ್ತಾಯಿತು. ಚಪ್ಪಲಿ ತಂದುಕೊಟ್ಟಳು. ಆಸ್ಯಾ ಅದನ್ನು ಹಾಕಿಕೊಳ್ಳಲು ಮೂರು ಸಲ ಕಾಲು ತೂರಿಸಿದಳು, ಮೂರು ಸಲವೂ ಬೆರಳು ಪಟ್ಟಿಯ ಹೊರಗೆ ಹೋಯಿತು. 

ಮನೆಗೆ ಬಂದ ನಳಿನಾಕ್ಷಿಗೆ ಅನ್ನ ಇಳಿಯಲಿಲ್ಲ. ಧರ್ಮಪಾಲ ಮಲ್ಪೆಯಲ್ಲೇ ಉಳಿದಿದ್ದ. ಅವನಿದ್ದಿದ್ದರೂ ಹೇಳುತ್ತಿದ್ದಳೋ ಇಲ್ಲವೋ. ಬೆನ್ನು ಮುರಿದು ಮಲಗಿದಲ್ಲೇ ಮಲಗಿದ ಒಬ್ಬನನ್ನು ಅವಳು ಚಿಕ್ಕಂದಿನಲ್ಲಿ ನೋಡಿದ್ದಳು, ಎಲ್ಲೂರಿನ ತೆಂಗಿನ ಮರ ಹತ್ತುವವನು. ಮರದಿಂದ ಬಿದ್ದ ಮೇಲೆ ಅವನು ಎಂಟು ತಿಂಗಳು ಬದುಕಿದ್ದ. ಅವನ ಕೋಣೆಯ ವಾಸನೆ, ಸೊಂಟದ ಹಿಂದೆ ಬಿದ್ದ ಹುಣ್ಣುಗಳು, ನೊಣ ಓಡಿಸುತ್ತ ಕೂತ ಹೆಂಡತಿ, ಎಲ್ಲ ಒಂದೊಂದಾಗಿ ಕಣ್ಣ ಮುಂದೆ ಬಂದವು. ಆ ಜಾಗದಲ್ಲಿ ಆಸ್ಯಾ ಮಲಗಿದ್ದಳು. ಬದಿಯಲ್ಲಿ ಮಗು ತೆವಳುತ್ತಿತ್ತು.

ಬೆಳಿಗ್ಗೆ ಕಬೀರ್ ಬೇಲಿ ಹಾರಿಯೇ ಬಂದ.

"ನಳಿನಕ್ಕಾ, ಒಮ್ಮೆ ಬನ್ನಿ. ಅತ್ತಿಗೆಗೆ ಏಳಲಿಕ್ಕೆ ಆಗುವುದಿಲ್ಲ. ಕಾಲು ಎರಡೂ ಇಲ್ಲ ಅಂತ ಹೇಳ್ತಾರೆ."

ಅವಳು ಅವನ ಹಿಂದೆಯೇ ಹೋದಳು. ಆಸ್ಯಾ ಚಾಪೆಯ ಮೇಲೆ ಅಂಗಾತ ಮಲಗಿದ್ದಳು. ಕಾಲುಗಳು ಕಟ್ಟಿಗೆಯ ಹಾಗೆ ಸೆಟೆದು ನೇರ ಇದ್ದವು. ನಫೀಸಮ್ಮ ಅವುಗಳನ್ನು ತಿಕ್ಕುತ್ತ ಗೊಣಗುತ್ತಿದ್ದಳು. ಆಸ್ಯಾ ನಳಿನಾಕ್ಷಿಯ ಸೆರಗು ಹಿಡಿದು ಹತ್ತಿರ ಎಳೆದು ಕಿವಿಯಲ್ಲಿ ಹೇಳಿದಳು:

"ನಿನ್ನೆ ಸಂಜೆಯಿಂದ ಒಂದಕ್ಕೆ ಹೋಗಲಿಲ್ಲ ಅಕ್ಕಾ. ಹೊಟ್ಟೆ ಕಲ್ಲಾಗಿದೆ. ಆದರೆ ಹೋಗಬೇಕು ಅಂತ ಅನ್ನಿಸುವುದೇ ಇಲ್ಲ."

ಅದನ್ನು ಕೇಳಿದ ಮೇಲೆ ನಳಿನಾಕ್ಷಿ ಕಾಯಲಿಲ್ಲ. "ಕಬೀರ್, ಕಾರು ತಾ. ಮಣಿಪಾಲಕ್ಕೆ ಹೋಗುವ. ಈಗಲೇ," ಎಂದಳು. ಆ ಧ್ವನಿ ಅವಳದ್ದೇ ಎಂದು ಅವಳಿಗೆ ಅನ್ನಿಸಲಿಲ್ಲ.

ಬಾಡಿಗೆ ಅಂಬಾಸಿಡರ್ ಕಾರಿನ ಹಿಂದಿನ ಸೀಟಿನಲ್ಲಿ ಆಸ್ಯಾಳನ್ನು ಅಡ್ಡ ಮಲಗಿಸಿದರು. ತಲೆ ಅತ್ತೆಯ ತೊಡೆಯ ಮೇಲೆ, ಕಾಲುಗಳು ನಳಿನಾಕ್ಷಿಯ ತೊಡೆಯ ಮೇಲೆ. ಮಗುವನ್ನು ಕಬೀರನ ಹೆಂಡತಿಯ ಹತ್ತಿರ ಬಿಟ್ಟಿದ್ದರು. ಹೆದ್ದಾರಿಯ ಹೊಂಡಗಳಿಗೆ ಕಾರು ಎತ್ತಿ ಹಾಕಿದಾಗೆಲ್ಲ ಆ ಕಾಲುಗಳು ತಾವಾಗಿಯೇ ಅದುರುತ್ತಿದ್ದವು. ಆಸ್ಯಾಳಿಗೆ ಅದು ಗೊತ್ತೇ ಆಗುತ್ತಿರಲಿಲ್ಲ. ಕಟಪಾಡಿ ದಾಟಿತು. ನಳಿನಾಕ್ಷಿ ದಿನಾ ಕೂರುವ ಜಾಗದಲ್ಲಿ ಬೇರೊಬ್ಬಳು ಬುಟ್ಟಿ ಇಟ್ಟಿದ್ದಳು. ಉಡುಪಿ ಬಂತು. ಮಣಿಪಾಲದ ಗುಡ್ಡ ಹತ್ತುವಾಗ ನಫೀಸಮ್ಮ ತುಟಿ ಮಾತ್ರ ಅಲ್ಲಾಡಿಸಿ ಹೇಳಿದಳು:

"ಕಾಲಿನ ಸುದ್ದಿ ಅಲ್ಲಿ ಎತ್ತಬೇಡ ನಳಿನಾ. ದೊಡ್ಡ ಡಾಕ್ಟರುಗಳು. ನಿನಗೂ ಒಳ್ಳೆಯದಲ್ಲ, ನಮಗೂ ಅಲ್ಲ. ಪೊಲೀಸು ಕೇಸು ಅಂತ ಆದರೆ?"

ಪೊಲೀಸು ಎಂಬ ಮಾತು ನಳಿನಾಕ್ಷಿಯ ಹೊಟ್ಟೆಯೊಳಗೆ ತಣ್ಣಗೆ ಇಳಿಯಿತು. ಹೌದೆಂದು ತಲೆ ಆಡಿಸಿದಳು. ಹೇಳದಿದ್ದರೆ ಯಾರಿಗೆ ಗೊತ್ತಾಗುತ್ತದೆ? ಕೂತು ಕೂತು ಬೀಡಿ ಕಟ್ಟಿದ್ದಕ್ಕೆ ಆಯಿತು ಎಂದರೆ ಮುಗಿಯಿತು. ಆಸ್ಯಾಳ ಪಾದಗಳನ್ನು ಎರಡೂ ಕೈಯಲ್ಲಿ ಹಿಡಿದುಕೊಂಡು ಕೂತಳು. ತಣ್ಣಗಿದ್ದವು.

ಆಸ್ಪತ್ರೆಯಲ್ಲಿ ಮೊದಲು ಬಂದವಳು ಇಮೆಲ್ಡಾ ಎಂಬ ನರ್ಸು. ಹೊಟ್ಟೆ ಮುಟ್ಟಿ ನೋಡಿ, ಪರದೆ ಎಳೆದು, ರಬ್ಬರಿನ ಟ್ಯೂಬು ಹಾಕಿದಳು. ಒಂದು ಬೇಸಿನ್ ತುಂಬಿ ಇನ್ನೊಂದರ ಅರ್ಧಕ್ಕೆ ಬಂತು. "ಇಷ್ಟು ಹೊತ್ತು ಎಂತ ಮಾಡುತ್ತಿದ್ದಿರಿ ನೀವೆಲ್ಲ?" ಎಂದು ಕೇಳಿದಳು. ಬೈದದ್ದಲ್ಲ, ಅವಳಿಗೇ ಸಂಕಟವಾಗಿತ್ತು. ಆಮೇಲೆ ಡಾಕ್ಟರು ಬಂದರು. ಸರ್ವೋತ್ತಮ ನಾಯಕ್ ಎಂದು ಅವರ ಹೆಸರು, ಎಲುಬಿನ ಡಾಕ್ಟರು. ತಲೆ ನರೆತಿತ್ತು, ಮಾತು ಕಡಿಮೆ.

ಅವರು ಒಂದು ಸೂಜಿ ತೆಗೆದು ಆಸ್ಯಾಳ ಕಾಲ ಬೆರಳಿನಿಂದ ಮೇಲಕ್ಕೆ ಚುಚ್ಚುತ್ತ ಬಂದರು. "ಗೊತ್ತಾಗ್ತದಾ? ಇಲ್ಲಿ? ಇಲ್ಲಿ?" ಆಸ್ಯಾ ಮೇಲಿನ ಮಾಡನ್ನು ನೋಡುತ್ತ ಇಲ್ಲ, ಇಲ್ಲ ಎನ್ನುತ್ತಿದ್ದಳು. ಹೊಕ್ಕುಳ ದಾಟಿ ನಾಲ್ಕು ಬೆರಳು ಮೇಲೆ ಬಂದಾಗ ಹಾ ಎಂದಳು. ಡಾಕ್ಟರು ಅಲ್ಲಿ ಪೆನ್ನಿನಿಂದ ಒಂದು ಗೆರೆ ಎಳೆದರು. ಗೆರೆಯ ಮೇಲೆ ಜೀವ ಇತ್ತು, ಕೆಳಗೆ ಇರಲಿಲ್ಲ. ನಳಿನಾಕ್ಷಿಗೆ ಹಾಗೆಯೇ ಕಂಡಿತು. ಆಮೇಲೆ ಅವರು ಪಾದವನ್ನು ಹಿಡಿದು ಫಕ್ಕನೆ ಮೇಲಕ್ಕೆ ದೂಡಿದರು. ಪಾದ ಅವರ ಕೈಯೊಳಗೆ ತಾನಾಗಿಯೇ ಕುಣಿಯತೊಡಗಿತು. ದೈವದ ದರ್ಶನದಲ್ಲಿ ಪಾತ್ರಿಯ ಮೈಗೆ ಆವೇಶ ಬರುವ ಮೊದಲು ಪಾದ ಅದುರುತ್ತದಲ್ಲ, ಹಾಗೆಯೇ. ಆಸ್ಯಾ ಮಾತ್ರ ಸುಮ್ಮನೆ ಮಲಗಿದ್ದಳು. ನಳಿನಾಕ್ಷಿ ಗೋಡೆಗೆ ಒರಗಿದಳು.

ಆಸ್ಯಾಳನ್ನು ಮೆಲ್ಲನೆ ಮಗ್ಗುಲಾಗಿಸಿ ಡಾಕ್ಟರು ಬೆನ್ನು ನೋಡಿದರು. ಬೆರಳು ಮೂಳೆಯ ಸಾಲಿನಲ್ಲಿ ಇಳಿದು ಬಂದು ಆ ಗಂಟಿನ ಮೇಲೆ ನಿಂತಿತು.

"ಎಷ್ಟು ತಿಂಗಳ ನೋವು?"

"ಐದಾರು ತಿಂಗಳು," ಎಂದಳು ನಫೀಸಮ್ಮ.

"ಸಂಜೆ ಜ್ವರ ಬರುವುದು ಉಂಟಾ? ರಾತ್ರಿ ಬೆವರುವುದು?"

"ಇಲ್ಲ," ಎಂದಳು ನಫೀಸಮ್ಮ. ಆಸ್ಯಾ ಬಾಯಿ ತೆರೆದವಳು ಮುಚ್ಚಿದಳು.

"ಬಿದ್ದದ್ದು? ಭಾರ ಎತ್ತಿದ್ದು? ಯಾರಾದರೂ ಬೆನ್ನು ತಿಕ್ಕಿ, ಒತ್ತಿ, ಎಂತದಾದರೂ ಮಾಡಿದ್ದು ಉಂಟಾ?"

"ಇಲ್ಲ ಡಾಕ್ಟರೇ. ಎಂತದೂ ಇಲ್ಲ."

 ಡಾಕ್ಟರು ಕಾಗದದಲ್ಲಿ ಬರೆಯಲು ಬಗ್ಗಿದರು. ಅವರು ಈಗ ಬರೆಯುವುದು ಸುಳ್ಳು, ಆ ಸುಳ್ಳನ್ನು ನಂಬಿ ಇವಳ ಬೆನ್ನಿಗೆ ಕೈ ಹಾಕುತ್ತಾರೆ. ನಳಿನಾಕ್ಷಿ ಗೋಡೆ ಬಿಟ್ಟು ಮಂಚದ ಹತ್ತಿರ ಬಂದಳು.

"ನಾನು ಒತ್ತಿದೆ," ಎಂದಳು. ಯಾರಿಗೂ ಕೇಳಿಸಲಿಲ್ಲ. ಇನ್ನೊಮ್ಮೆ ಹೇಳಿದಳು, ಈ ಸಲ ಅಗತ್ಯಕ್ಕಿಂತ ಜೋರಾಗಿ. "ನಾನು ಕಾಲಿನಿಂದ ಒತ್ತಿದೆ ಡಾಕ್ಟರೇ. ಮೂರು ದಿನ. ಮೂರನೆಯ ದಿನ ಗಟ್ಟಿಯಾಗಿ. ನಾನು ಕಾಲು ಮುಂದಾಗಿ ಹುಟ್ಟಿದವಳು, ಊರಿನವರೆಲ್ಲ ಬರ್ತಾರೆ. ಆ ಗಂಟು ನನ್ನ ಕಾಲಿಗೆ ಸಿಕ್ಕಿತ್ತು. ಟಕ್ ಅಂತ ಶಬ್ದವೂ ಆಯಿತು. ನಾನು ಯಾರಿಗೂ ಹೇಳಲಿಲ್ಲ."

ನಫೀಸಮ್ಮ ಕಣ್ಣು ಮುಚ್ಚಿಕೊಂಡಳು. ಕಬೀರ್ ಬಾಗಿಲ ಹತ್ತಿರ ನಿಂತಿದ್ದವನು ನಳಿನಾಕ್ಷಿಯ ಕಾಲುಗಳನ್ನೇ ನೋಡಿದ. ಅವಳು ಸೀರೆಯ ಅಂಚಿನೊಳಗೆ ಬೆರಳುಗಳನ್ನು ಎಳೆದುಕೊಂಡಳು.

ಡಾಕ್ಟರು ಪೆನ್ನು ಇಟ್ಟು, "ಯಾವ ದಿನ? ಅವತ್ತಿನ ಮೊದಲು ನಡೆಯುತ್ತಿದ್ದಳಾ?" ಎಂದು ಕೇಳಿದರು. ಅವಳು ಎಲ್ಲವನ್ನೂ ಹೇಳಿದಳು, ಚಪ್ಪಲಿಯ ವಿಷಯವನ್ನೂ. ಅವರು ಎಲ್ಲವನ್ನೂ ಬರೆದುಕೊಂಡರು. ಸಿಟ್ಟು ಮಾಡಲಿಲ್ಲ. ಅದರಿಂದ ಅವಳ ಹೆದರಿಕೆ ಇನ್ನೂ ಹೆಚ್ಚಾಯಿತು.

ಎಕ್ಸ್‌ರೇ ಬಂದದ್ದು ಮಧ್ಯಾಹ್ನ. ಡಾಕ್ಟರು ಅದನ್ನು ದೀಪದ ಪೆಟ್ಟಿಗೆಗೆ ಸಿಕ್ಕಿಸಿ ಮೂವರನ್ನೂ ಕರೆದರು. ಬೆನ್ನುಮೂಳೆಯ ಗಿಣ್ಣುಗಳ ನಡುವೆ ಸಂದು ಇರಬೇಕು, ಇಲ್ಲಿ ಎರಡು ಗಿಣ್ಣುಗಳ ನಡುವೆ ಇಲ್ಲ ನೋಡಿ, ತಿಂದು ಹೋಗಿದೆ, ಒಂದರ ಮೇಲೆ ಒಂದು ಕುಸಿದು ಕೂತಿದೆ ಎಂದರು. ಎರಡೂ ಬದಿಯಲ್ಲಿ ಉಬ್ಬಿದ ಮಸುಕು ನೆರಳನ್ನು ತೋರಿಸಿದರು. "ಇದು ಕೀವು. ಒಳಗೆ ನರದ ಬಳ್ಳಿಯನ್ನು ಅದುಮಿ ಹಿಡಿದಿದೆ. ಕ್ಷಯ. ಬೆನ್ನುಮೂಳೆಗೆ ಬಂದ ಕ್ಷಯ."

ಆ ಶಬ್ದ ಕೇಳಿ ನಫೀಸಮ್ಮ ಸೆರಗಿನಿಂದ ಬಾಯಿ ಮುಚ್ಚಿಕೊಂಡಳು. "ನಮ್ಮ ಮನೆಯಲ್ಲಿ ಅದು ಇಲ್ಲ ಡಾಕ್ಟರೇ. ಯಾರೂ ಕೆಮ್ಮುವುದಿಲ್ಲ."

"ಇವಳೂ ಕೆಮ್ಮುವುದಿಲ್ಲ. ಎದೆಯ ಎಕ್ಸ್‌ರೇಯಲ್ಲಿ ಎಂತದೂ ಕಾಣುವುದಿಲ್ಲ. ಇದು ಹತ್ತಿರ ಕೂತವರಿಗೆ ಹರಡುವಂಥದ್ದಲ್ಲ. ಆದರೂ ಮಗುವನ್ನು ತಂದು ತೋರಿಸಿ, ನೀವೂ ತೋರಿಸಿಕೊಳ್ಳಿ." ಆಮೇಲೆ ಹೇಳಿದರು: "ನಾಡಿದ್ದು ಆಪರೇಶನ್ ಮಾಡಬೇಕು. ಪಕ್ಕೆಲುಬಿನ ತುಂಡೊಂದನ್ನು ತೆಗೆದು ಆ ದಾರಿಯಲ್ಲಿ ಕೀವು ಹೊರಗೆ ತೆಗೆಯುವುದು. ಔಷಧಿ ಇವತ್ತೇ ಶುರು. ಕಾಲು ವಾಪಸು ಬರ್ತದೆ ಅಂತ ನಾನು ಮಾತು ಕೊಡುವುದಿಲ್ಲ. ಬರಬಹುದು."

ನಫೀಸಮ್ಮ, ಕಬೀರ್ ಹೊರಗೆ ಹೋದ ಮೇಲೆ ನಳಿನಾಕ್ಷಿ ಅಲ್ಲೇ ನಿಂತಳು.

"ನನ್ನಿಂದ ಆಯಿತಾ ಡಾಕ್ಟರೇ?"

ಅವರು ದೀಪ ಆರಿಸಲು ಹೋದವರು ಆರಿಸದೆ ನಿಂತರು. "ರೋಗ ನೀವು ತಂದದ್ದಲ್ಲ. ಆರು ತಿಂಗಳಿಂದ ತಿನ್ನುತ್ತಾ ಉಂಟು ಅದು. ಸುಮ್ಮನೆ ಬಿಟ್ಟಿದ್ದರೂ ಕಾಲು ಹೋಗುತ್ತಿತ್ತು, ಇವತ್ತಲ್ಲದಿದ್ದರೆ ಇನ್ನು ಒಂದು ತಿಂಗಳಿಗೆ. ಆದರೆ ಇಂಥ ಮೂಳೆಯ ಮೇಲೆ ಭಾರ ಹಾಕಬಾರದು. ನೀವು ಒತ್ತಿದ್ದರಿಂದ ಬೇಗ ಆಯಿತಾ, ಇಲ್ಲವಾ, ನನಗೆ ಹೇಳಲಿಕ್ಕೆ ಆಗುವುದಿಲ್ಲ. ಯಾರಿಗೂ ಆಗುವುದಿಲ್ಲ."

ಹೌದು ಎಂದಿದ್ದರೆ ಅಳಬಹುದಿತ್ತು. ಇಲ್ಲ ಎಂದಿದ್ದರೆ ಉಸಿರು ಬಿಡಬಹುದಿತ್ತು. ಎರಡೂ ಅಲ್ಲದ್ದನ್ನು ಹೊತ್ತುಕೊಂಡು ಅವಳು ಕಾರಿಡಾರಿಗೆ ಬಂದಳು. ಕಬೀರ್ ಕಾಯುತ್ತಿದ್ದ.

"ನೀವು ಊರಿಗೆ ಹೋಗಿ ನಳಿನಕ್ಕಾ," ಎಂದ. "ಇಲ್ಲಿ ಇರುವುದು ಬೇಡ. ಅಣ್ಣನಿಗೆ ನಾನು ಎಂತ ಅಂತ ಬರೆಯಲಿ?"

ಹೋಗುವ ಮೊದಲು ಆಸ್ಯಾಳನ್ನು ಒಮ್ಮೆ ನೋಡಬೇಕೆಂದು ವಾರ್ಡಿಗೆ ಹೋದಳು. ಇಮೆಲ್ಡಾ ಮಾತ್ರ ಇದ್ದಳು, ಆಸ್ಯಾಳನ್ನು ಮಗ್ಗುಲು ಬದಲಿಸಿ ಬೆನ್ನಿಗೆ ಸ್ಪಿರಿಟು ಉಜ್ಜಿ ಪೌಡರು ಹಾಕುತ್ತಿದ್ದಳು. "ಎರಡು ಗಂಟೆಗೊಮ್ಮೆ ಹೀಗೆ ತಿರುಗಿಸಬೇಕು, ಇಲ್ಲದಿದ್ದರೆ ಹುಣ್ಣಾಗ್ತದೆ," ಎಂದು ಹೇಳಿ ಮುಂದಿನ ಮಂಚಕ್ಕೆ ಹೋದಳು. ಆಸ್ಯಾ ನಳಿನಾಕ್ಷಿಯ ಕೈ ಹಿಡಿದುಕೊಂಡಳು.

"ಅಕ್ಕಾ, ಸಂಜೆ ಜ್ವರ ಬರ್ತಿತ್ತು. ದಿನಾ. ನಾನು ಯಾರಿಗೂ ಹೇಳಲಿಲ್ಲ."

ನಳಿನಾಕ್ಷಿ ಅವಳ ಮುಖ ನೋಡಿದಳು.

"ಕಾರ್ಕಳದಲ್ಲಿ ನನ್ನ ದೊಡ್ಡಕ್ಕ ಕ್ಷಯದಲ್ಲಿ ಹೋದದ್ದು. ಗಂಡನ ಮನೆಯವರು ಅವಳನ್ನು ತಂದು ನಮ್ಮ ಜಗಲಿಯಲ್ಲಿ ಬಿಟ್ಟು ಹೋದರು. ಅವಳ ಮಕ್ಕಳನ್ನು ಅವಳಿಗೆ ಕಡೆಗೂ ತೋರಿಸಲಿಲ್ಲ. ಇಲ್ಲಿ ಅದನ್ನು ಹೇಳದೇ ನನ್ನ ಮದುವೆ ಮಾಡಿದ್ದು. ಕಾಪುವಿನ ಡಾಕ್ಟರು ಎರಡು ತಿಂಗಳ ಹಿಂದೆಯೇ ಎಕ್ಸ್‌ರೇ ತೆಗೆಸಿ ಅಂತ ಚೀಟಿ ಬರೆದುಕೊಟ್ಟಿದ್ದರು. ನಾನು ಅದನ್ನು ಒಲೆಗೆ ಹಾಕಿದೆ." ಅವಳು ಹಿಡಿದ ಕೈ ಬಿಡಲಿಲ್ಲ. "ನಿಮ್ಮ ಹತ್ತಿರ ಬರುವ ಮೊದಲೇ ಎಡಗಾಲು ಜೋಮು ಹಿಡಿದ ಹಾಗೆ ಆಗ್ತಿತ್ತು. ಉಳುಕು ಅಂತ ಆಗಿಬಿಡಲಿ, ನಿಮ್ಮ ಕಾಲಿನಲ್ಲಿ ಹೋಗಿಬಿಡಲಿ ಅಂತ ಬಂದೆ ಅಕ್ಕಾ."

ನಳಿನಾಕ್ಷಿಗೆ ಸಿಟ್ಟು ಬಂತು. ಬಂದ ಕೂಡಲೇ ಹೋಯಿತು. ಇವಳು ತನಗಿಂತ ಹೆಚ್ಚು ಹೆದರಿದ್ದಳು, ತನಗಿಂತ ಹೆಚ್ಚು ದಿನ, ಮಗುವಿಗೆ ಹಾಲು ಕುಡಿಸುತ್ತ ಒಬ್ಬಳೇ ಹೆದರಿದ್ದಳು. "ಡಾಕ್ಟರಿಗೆ ಹೇಳು. ಎಲ್ಲ ಹೇಳು. ನಾನು ಇಮೆಲ್ಡಾ ಸಿಸ್ಟರನ್ನು ಕರೆಯುತ್ತೇನೆ," ಎಂದಳು. "ನಿನ್ನ ಅತ್ತೆಗೆ ನಾನು ಹೇಳುವುದಿಲ್ಲ. ಅದು ನಿನ್ನ ಬಾಯಿಯಿಂದಲೇ ಹೋಗಲಿ."

ಆಪರೇಶನ್ನಿನ ದಿನ ಅವಳು ಮೀನಿಗೆ ಹೋಗಲಿಲ್ಲ, ಮಣಿಪಾಲಕ್ಕೂ ಹೋಗಲಿಲ್ಲ. ಮನೆಯ ಹಿಂದಿನ ತೆಂಗಿನ ಕಟ್ಟೆಯಲ್ಲಿ ಕೂತಿದ್ದಳು. ಧರ್ಮಪಾಲ ಮಲ್ಪೆಯಿಂದ ಬಂದಿದ್ದ. ಎಲ್ಲ ಕೇಳಿ, "ಆದದ್ದು ಆಯಿತು, ನೀನು ಬೇಕೂಂತ ಮಾಡಿದ್ದಲ್ಲವಲ್ಲ," ಎಂದ.  ಸಂಜೆ ಕಬೀರನ ಹೆಂಡತಿ ಬೇಲಿಯ ಹತ್ತಿರ ಬಂದು, ಕಬೀರ್ ಇಲ್ಲದ್ದನ್ನು ನೋಡಿಕೊಂಡು, ಒಂದು ಲೋಟದಷ್ಟು ಕೀವು ತೆಗೆದರಂತೆ, ಜೀವಕ್ಕೆ ಅಪಾಯ ಇಲ್ಲವಂತೆ, ಕಾಲು ಮಾತ್ರ ಹಾಗೆಯೇ ಉಂಟಂತೆ ಎಂದಳು.

ಕಾಲು ಹಾಗೆಯೇ ಇತ್ತು, ಮೊದಲ ವಾರ, ಎರಡನೆಯ ವಾರ. ಊರಿನಲ್ಲಿ ಸುದ್ದಿ ಹಬ್ಬಿತ್ತು. ಬಸ್ಸಿನಲ್ಲಿ ಹೆಂಗಸರು ಅವಳ ಬದಿಯ ಸೀಟು ಬಿಟ್ಟು ಕೂರುತ್ತಿದ್ದರು. ಅಥವಾ ಅವಳಿಗೆ ಹಾಗೆ ಅನ್ನಿಸುತ್ತಿತ್ತು. ಅವಳು ಹಿಂದಿನ ವರ್ಷಗಳ ಬೆನ್ನುಗಳನ್ನು ನೆನಪು ಮಾಡಿಕೊಳ್ಳತೊಡಗಿದಳು. ಮತ್ತೆ ಬರದೇ ಹೋದವರ ಬೆನ್ನುಗಳು. ಪಡುಬಿದ್ರಿ ಕಡೆಯ ಆ ಮುದುಕ ಏನಾದ? ಬಲಗಾಲು ಸುಡುತ್ತದೆ ಎಂದ ಆ ಟೈಲರ್? ಅಂಗಳದಲ್ಲಿ ಯಾರದ್ದಾದರೂ ನೆರಳು ಕಂಡರೆ ಒಳಗೆ ಹೋಗಿ ಬಾಗಿಲು ಹಾಕಿಕೊಳ್ಳುತ್ತಿದ್ದಳು. ಒಂದು ದಿನ ಹಳೆಯ ಪರಿಚಯದ ಭುಜಂಗ ಎಂಬವನು ಸೊಂಟ ಹಿಡಿದುಕೊಂಡು ಬಂದು ಹೊಸ್ತಿಲ ಮುಂದೆ ಮಲಗಿಯೇ ಬಿಟ್ಟ. ಅವನ ಬೆನ್ನು ನೋಡಿದ್ದೇ ಅವಳು ಅಂಗಳದ ಮೂಲೆಗೆ ಓಡಿ ಕಕ್ಕಿದಳು. ಭುಜಂಗ ಬೈದುಕೊಂಡು ಎದ್ದು ಹೋದ.

ಹತ್ತೊಂಬತ್ತನೆಯ ದಿನ ಅವಳಿಗೆ ತಡೆಯಲಾಗಲಿಲ್ಲ. ಬುಟ್ಟಿಯನ್ನು ಕಟಪಾಡಿಯಲ್ಲಿ ಪರಿಚಯದವಳಿಗೆ ವಹಿಸಿ, ಕೈ ತೊಳೆದು, ಮಣಿಪಾಲದ ಬಸ್ಸು ಹತ್ತಿದಳು. ವಾರ್ಡಿನ ಬಾಗಿಲಲ್ಲಿ ನಫೀಸಮ್ಮ ಕೂತಿದ್ದಳು. ಮುಖ ಇಳಿದಿತ್ತು. ನಳಿನಾಕ್ಷಿಯನ್ನು ಕಂಡು ಅತ್ತ ತಿರುಗಿದಳು, ಆದರೆ ದಾರಿಗೆ ಚಾಚಿದ್ದ ಕಾಲು ಎಳೆದುಕೊಂಡಳು. ಅಷ್ಟು ಸಾಕಾಯಿತು.

ಒಳಗೆ ಇಮೆಲ್ಡಾ ಆಸ್ಯಾಳ ಪಾದದ ಹತ್ತಿರ ನಿಂತು, "ಇನ್ನೊಮ್ಮೆ, ಇನ್ನೊಮ್ಮೆ ನೋಡುವ," ಎನ್ನುತ್ತಿದ್ದಳು. ಆಸ್ಯಾ ಹಲ್ಲು ಕಚ್ಚಿದ್ದಳು, ಹಣೆಯಲ್ಲಿ ಬೆವರು ಮೂಡಿತ್ತು. ಏನೂ ಆಗಲಿಲ್ಲ. ಆಮೇಲೆ ಬಲಗಾಲಿನ ಹೆಬ್ಬೆರಳು ಒಂದು ಕೂದಲೆಳೆಯಷ್ಟು ಕೆಳಗೆ ಬಾಗಿತು. ತಾನಾಗಿ ಕುಣಿದದ್ದಲ್ಲ. ನಿಲ್ಲು ಎಂದಾಗ ನಿಂತಿತು. ಬಾಗು ಎಂದಾಗ ಮತ್ತೆ ಬಾಗಿತು.

"ಕಂಡಿತಾ?" ಎಂದು ಆಸ್ಯಾ ಕೇಳಿದಳು. ಅವಳಿಗೆ ತನ್ನ ಕಾಲು ಕಾಣುತ್ತಿರಲಿಲ್ಲ.

"ಕಂಡಿತು," ಎಂದಳು ನಳಿನಾಕ್ಷಿ. ಮಂಚದ ಕಬ್ಬಿಣ ಹಿಡಿದು ಇನ್ನೂ ಹತ್ತಿರ ಬಗ್ಗಿದಳು.

ಮೂರು ತಿಂಗಳ ಮೇಲೆ ಆಸ್ಯಾ ಎದೆಯಿಂದ ಸೊಂಟದವರೆಗೆ ಪ್ಲಾಸ್ಟರು ಹಾಕಿಸಿಕೊಂಡು ಮನೆಗೆ ಬಂದಳು. ದಿನಾ ಮಾತ್ರೆ, ಒಂದೂವರೆ ವರ್ಷ ಒಂದು ದಿನವೂ ಬಿಡಬಾರದು ಎಂದಿದ್ದರು. ಬಿಡಲಿಲ್ಲ. ಮಗುವಿಗೆ ಏನೂ ಇರಲಿಲ್ಲ. ಆಸ್ಯಾ ಕಾರ್ಕಳದ ಅಕ್ಕನ ಸಂಗತಿಯನ್ನು ಅತ್ತೆಗೆ ತಾನೇ ಹೇಳಿದಳು. ನಫೀಸಮ್ಮ ಎರಡು ದಿನ ಸೊಸೆಯ ಜೊತೆ ಮಾತಾಡಲಿಲ್ಲವಂತೆ. ಮೂರನೆಯ ದಿನ ಅವಳಿಗೆ ಮೊಟ್ಟೆ ಬೇಯಿಸಿಕೊಟ್ಟಳಂತೆ. ವಾಪಸು ಕಳಿಸುವ ಮಾತು ಆ ಮನೆಯಲ್ಲಿ ಬರಲಿಲ್ಲ. ಮಳೆಗಾಲ ಮುಗಿಯುವ ಹೊತ್ತಿಗೆ ಆಸ್ಯಾ ಕೋಲು ಹಿಡಿದು ಅಂಗಳದಲ್ಲಿ ನಡೆದಳು. ಎಡಗಾಲು ಸ್ವಲ್ಪ ಎಳೆಯುತ್ತಿತ್ತು, ಅದು ಹಾಗೆಯೇ ಉಳಿಯಿತು.

ಬದ್ರುದ್ದೀನ್ ರಜೆಯಲ್ಲಿ ಬಂದದ್ದು ಎಂಬತ್ಮೂರರ ಜನವರಿಯಲ್ಲಿ. ಬಂದ ಮರುದಿನ ಬೆಳಿಗ್ಗೆಯೇ ಬೇಲಿ ಸುತ್ತಿ, ನಳಿನಾಕ್ಷಿಯ ಅಂಗಳಕ್ಕೆ ಬಂದು ನಿಂತ. ಎತ್ತರದ ಆಳು, ಹೊಸ ಬಿಳಿ ಅಂಗಿ. ಅವಳು ಮೀನಿಗೆ ಹೊರಡುವವಳಿದ್ದಳು. ಕಬೀರ್ ಅವನಿಗೆ ಏನೆಂದು ಬರೆದಿದ್ದನೋ ಅವಳಿಗೆ ಗೊತ್ತಿರಲಿಲ್ಲ. ಬುಟ್ಟಿ ಕೆಳಗಿಟ್ಟಳು.

"ಕೂತುಕೊಳ್ಳಿ," ಎಂದಳು.

ಅವನು ಕೂರಲಿಲ್ಲ. "ನನಗೆ ಮೂರು ಜನ ಮೂರು ರೀತಿ ಹೇಳಿದರು ನಳಿನಕ್ಕಾ. ಅವತ್ತು ಎಂತ ಆಯಿತು ಅಂತ ನೀವು ಹೇಳಿ."

ಹೆದರಿಕೆ ಎಲ್ಲಿಗೂ ಹೋಗಿರಲಿಲ್ಲ, ಅದೇ ಜಾಗದಲ್ಲಿ ತಣ್ಣಗೆ ಇತ್ತು. ಆದರೂ ಅವಳು ಜಗಲಿಯ ಅಂಚಿನಲ್ಲಿ ಕೂತು ಮೊದಲಿನಿಂದ ಹೇಳಿದಳು. ಮೂರು ದಿನ ಒತ್ತಿದ್ದು, ಮೂರನೆಯ ದಿನದ ಗಂಟು, ಆ ಶಬ್ದ, ಎರಡು ದಿನ ಬೇಲಿಯ ಈಚೆ ಅಡಗಿ ಕೂತದ್ದು. ನಫೀಸಮ್ಮ ಗಟ್ಟಿ ಒತ್ತು ಎಂದದ್ದನ್ನು ಮಾತ್ರ ಬಿಟ್ಟಳು. "ನನ್ನಿಂದ ಆಯಿತಾ ಅಂತ ಡಾಕ್ಟರಲ್ಲಿ ಕೇಳಿದೆ. ಅವರಿಗೂ ಗೊತ್ತಿಲ್ಲ," ಎಂದು ನಿಲ್ಲಿಸಿದಳು.

ಬದ್ರುದ್ದೀನ್ ಬೇಲಿಯ ಕಡೆ ತಿರುಗಿದ. ಆಚೆ ಅಂಗಳದಲ್ಲಿ ಮಗು ಯಾರನ್ನೋ ಕರೆಯುತ್ತಿತ್ತು, ಆಸ್ಯಾ ಓ ಎನ್ನುತ್ತಿದ್ದಳು.

"ಕುಡಿಯಲಿಕ್ಕೆ ಸ್ವಲ್ಪ ನೀರು ಕೊಡ್ತೀರಾ?" ಎಂದು ಕೇಳಿ, ಅವನು ಜಗಲಿಯ ಇನ್ನೊಂದು ತುದಿಯಲ್ಲಿ ಕೂತ.